ಪೊಳ್ಳು ನಂಬರ್

ಸಾಲಿನಲ್ಲಿ ಐದನೆಯವಳಾಗಿ ನನ್ನ ಮಗಳು ನಿಂತಿದ್ದಳು. ಬೆನ್ನಿಗೆ ಶಾಲೆಯ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಬೆಳಿಗ್ಗೆ ನಾನೇ ಅವಸರದಲ್ಲಿ ಹೆಣೆದ ಜಡೆ. ಮನೆಯಲ್ಲಿ ಅತ್ತೆ ಎಲ್ಲಾದರೂ ಬಿದ್ದರೇನೋ ಎಂದು ಕುರ್ಚಿಯಿಂದ ಅರ್ಧ ಎದ್ದೆ. ಅವಳು ಕಣ್ಣಲ್ಲೇ "ಕೂತ್ಕೋ" ಎಂದಳು. ಕೂತೆ. ಮುಂದಿನ ನಾಲ್ಕು ಜನರ ಕಾಗದಗಳನ್ನು ಹೇಗೆ ಮುಗಿಸಿದೆನೋ ನನಗೆ ನೆನಪಿಲ್ಲ.

ನಗರ ಕಚೇರಿಯ ಟಪಾಲು ಕಿಟಕಿ ಹದಿನಾಲ್ಕು ವರ್ಷದಿಂದ ನನ್ನದು. ಊರಿನವರು ಕಚೇರಿಗೆ ಬರೆಯುವ ಪ್ರತಿಯೊಂದು ಕಾಗದವೂ ಗಾಜಿನ ಕೆಳಗಿನ ಅರ್ಧಚಂದ್ರದ ಕಿಂಡಿಯಿಂದ ನನ್ನ ಕೈಗೆ ಬರುತ್ತದೆ. ಇನ್‌ವರ್ಡ್ ಪುಸ್ತಕದಲ್ಲಿ ಒಂದು ಸಾಲು ಬರೆದು ನಂಬರ್ ಕೊಡುತ್ತೇನೆ. ತಂದವರ ಬಳಿ ಇರುವ ನಕಲಿನ ಮೇಲೆ ಸೀಲು ಒತ್ತಿ, ಅದೇ ನಂಬರ್ ಬರೆದು ಹಿಂದಿರುಗಿಸುತ್ತೇನೆ. ನಂಬರ್ ಬಿದ್ದ ಕಾಗದಕ್ಕೆ ಹತ್ತು ದಿನದೊಳಗೆ ಯಾರಾದರೊಬ್ಬರು ಉತ್ತರ ಕೊಡಲೇಬೇಕು. ನಂಬರ್ ಬೀಳದ ಕಾಗದ ಬಂದೇ ಇಲ್ಲವೆಂದು ಲೆಕ್ಕ.

"ನಮಸ್ಕಾರ ಮೇಡಂ," ಎಂದಳು ಮಗಳು. "ಎರಡು ಪ್ರತಿ ತಂದಿದೀನಿ. ಒಂದರ ಮೇಲೆ ಸೀಲು ಹಾಕಿ ಕೊಡಿ."

"ಏನೇ ಇದು? ಶಾಲೆ ಇಲ್ವಾ ಇವತ್ತು?"

"ಶಾಲೆದೇ ಮೇಡಂ ಇದು. ಪೌರನೀತಿ ಟೀಚರ್ ಹೇಳಿದಾರೆ, ನಿಜವಾದ ಕಾಗದ ಬರೀಬೇಕು, ನಿಜವಾದ ನಂಬರ್ ತರಬೇಕು ಅಂತ."

ಅವಳ ಹಿಂದೆ ನಿಂತಿದ್ದ ಪ್ಲಂಬರ್ ನಕ್ಕ. "ತಗೊಳ್ರಮ್ಮಾ, ಪಾಪ ಮಗು ಎಷ್ಟು ಮರ್ಯಾದೆಯಾಗಿ ಕೇಳ್ತಿದೆ. ನನ್ನ ಮಗ ನನ್ನನ್ನ ಮನೇಲಿ ಹೀಗೆ ಮಾತಾಡ್ಸಿದ್ರೆ ಸಾಕಾಗಿತ್ತು."

ನಾನು ನಗಲಿಲ್ಲ. ಕಾಗದ ಬಿಡಿಸಿದೆ. ಗಣಿತದ ಚೌಕುಳಿ ಹಾಳೆ, ದುಂಡಗಿನ ಅಕ್ಷರ. 'ನಗರ ಕಚೇರಿಯ ಓದುವ ಕೋಣೆಯಲ್ಲಿ ಏಳು ಕೋಲುಗಳಿಗೆ ಏಳು ಪತ್ರಿಕೆ ಸಿಕ್ಕಿಸಿರುತ್ತಿದ್ದರು. ಎಂಟು ತಿಂಗಳಿಂದ ಐದನೆಯ ಕೋಲು ಖಾಲಿ ಇದೆ. ಆ ಪತ್ರಿಕೆಯನ್ನು ಯಾವ ಆದೇಶದ ಮೇಲೆ ತೆಗೆದಿರಿ? ಆದೇಶದ ಒಂದು ಪ್ರತಿ ಕೊಡಿ. ನನ್ನ ಅಜ್ಜಿಗೆ ಓದಿ ಹೇಳಬೇಕಾಗಿದೆ.' ಕೆಳಗೆ ಅವಳ ಪೂರ್ತಿ ಹೆಸರು, ತರಗತಿ, ನಮ್ಮ ಮನೆಯ ವಿಳಾಸ, ಎಡಕ್ಕೆ ತಿರುಗಿದರೆ ಮೂರನೇ ಬಾಗಿಲು ಎಂಬ ಗುರುತು ಕೂಡ.

ನನ್ನ ಬೆನ್ನ ಹಿಂದೆ ಎಂಟು ಹೆಜ್ಜೆ ದೂರದಲ್ಲಿ ಸೂಪರಿಂಟೆಂಡೆಂಟ್ ಸಾಹೇಬರ ಮೇಜು. ಪ್ರತಿ ಕಾಗದದ ವಿಷಯವನ್ನು ಅವರಿಗೆ ಕೇಳುವಂತೆ ಓದಬೇಕೆಂಬುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. ಅವರು ಸುಮ್ಮನಿದ್ದರೆ ನಂಬರ್. ಕನ್ನಡಕದ ಡಬ್ಬಿಯಿಂದ ಮೇಜಿನ ಮೇಲೆ ಎರಡು ಸಲ ತಟ್ಟಿದರೆ ಪೊಳ್ಳು ನಂಬರ್.

ಪೊಳ್ಳು ನಂಬರ್ ಎಂದರೆ ಇಷ್ಟೇ. ತಂದವರ ನಕಲಿನ ಮೇಲೆ ಸೀಲು ಸರಿಯಾಗಿಯೇ ಬೀಳುತ್ತದೆ, ದಿನಾಂಕವೂ ಸರಿ. ಆದರೆ ಬರೆಯುವ ನಂಬರ್ ಅವರಿಗಿಂತ ಮೊದಲು ಬಂದವರ ಕಾಗದದ್ದು. ಪುಸ್ತಕದಲ್ಲಿ ಸಾಲು ಇರುವುದಿಲ್ಲ. ಅಸಲು ಕಾಗದ ನನ್ನ ಮೇಜಿನ ಕೆಳಗಿನ ಡ್ರಾಯರಿಗೆ ಹೋಗುತ್ತದೆ. ಅದನ್ನು ಹರಿದು ಹಾಕಲು ಸಾಹೇಬರಿಗೂ ಭಯ, ನನಗೂ ಭಯ. ಹಾಗಾಗಿ ಅದು ಅಲ್ಲೇ ಬಿದ್ದಿರುತ್ತದೆ.

"ಓದುವ ಕೋಣೆ. ಖಾಲಿ ಕೋಲಿನ ವಿಚಾರ," ಎಂದು ಓದಿದೆ. ನನ್ನ ದನಿ ನನಗೇ ಬೇರೆಯವರದಾಗಿ ಕೇಳಿಸಿತು.

ಟಕ್, ಟಕ್.

ನಾನು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈಗೆ ಅಭ್ಯಾಸವಾಗಿತ್ತು. ಸೀಲು ಒತ್ತಿದೆ, 614 ಎಂದು ಬರೆದೆ. ಅದು ಅವಳ ಮುಂದಿದ್ದ ಹೆಂಗಸು ಬಸ್ ನಿಲ್ದಾಣದ ಮುರಿದ ನಲ್ಲಿಯ ಬಗ್ಗೆ ಕೊಟ್ಟ ಕಾಗದದ ನಂಬರ್. ಮಗಳು ಒದ್ದೆ ಶಾಯಿಯನ್ನು ಉಫ್ ಉಫ್ ಎಂದು ಊದಿ ಆರಿಸಿ, ನಕಲನ್ನು ಫೈಲಿನಲ್ಲಿಟ್ಟು, "ಥ್ಯಾಂಕ್ಸ್ ಮೇಡಂ," ಎಂದು ಓಡಿದಳು. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ ಎಂದು ಸಮಾಧಾನದ ಉಸಿರು ಬಿಟ್ಟೆ. ಆ ಉಸಿರು ಸಂಜೆಯವರೆಗೂ ಬಾಳಲಿಲ್ಲ.

ಮನೆಗೆ ಹೋಗುವಷ್ಟರಲ್ಲಿ ಅತ್ತೆಗೆ ವರದಿ ಒಪ್ಪಿಸಿ ಆಗಿತ್ತು. ನಮ್ಮ ಮನೆಯಲ್ಲಿ ಇರುವವರು ನಾವು ಮೂವರೇ. ಅವಳ ಅಪ್ಪ ತೀರಿಕೊಂಡು ಆರು ವರ್ಷ. ಅತ್ತೆಗೆ ಓದಲು ಬಾರದು. ಪ್ರತಿ ಭಾನುವಾರ ಮೊಮ್ಮಗಳ ಕೈ ಹಿಡಿದು ಓದುವ ಕೋಣೆಗೆ ಹೋಗಿ, ಏಳೂ ಪತ್ರಿಕೆ ಓದಿಸಿಕೊಂಡು, ಏಳರ ಜೊತೆಗೂ ಜಗಳವಾಡಿ ಬರುತ್ತಿದ್ದರು. ಮೊಮ್ಮಗಳನ್ನು ಅವರು ಕರೆಯುವುದು 'ಪ್ರಶ್ನೆಪತ್ರಿಕೆ' ಎಂದು.

"ನೋಡಮ್ಮ, ನಮ್ಮ ಪ್ರಶ್ನೆಪತ್ರಿಕೆ ಸೀಲು ಹಾಕಿಸ್ಕೊಂಡು ಬಂದಿದೆ," ಎಂದರು ಅತ್ತೆ. "ಐದನೇದ್ರಲ್ಲೇ ಕಣೇ ರುಚಿ ಇದ್ದಿದ್ದು. ಉಳಿದ ಆರೂ ಉಪ್ಪಿಲ್ಲದ ಗಂಜಿ."

"ಅತ್ತೆ, ಸುಮ್ನಿರಿ. ಗೋಡೆಗೂ ಕಿವಿ ಇರೋ ಕಾಲ."

"ಇದ್ರೆ ಇರ್ಲಿ. ಗೋಡೆನಾದ್ರೂ ಕೇಳಿಸ್ಕೊಳ್ಳತ್ತೆ, ನೀನು ಕೇಳಿಸ್ಕೊಳ್ಳಲ್ಲ."

ಮಗಳಿಗೆ ನಗು ತಡೆಯಲಾಗಲಿಲ್ಲ. ನಾನು ಪಾತ್ರೆ ಒರೆಸುತ್ತಾ, ಆದಷ್ಟು ಮಾಮೂಲಿಯಾಗಿ ಕೇಳಿದೆ. "ಚರಂಡಿ ಬಗ್ಗೆ ಬರೀಬಹುದಿತ್ತಲ್ಲ. ಬೀದಿ ದೀಪ ಇತ್ತು. ನಿಂಗೆ ಇದೇ ಬೇಕಿತ್ತಾ?"

"ಚರಂಡಿ ಬಗ್ಗೆ ಹನ್ನೊಂದು ಜನ ಬರೆದಿದಾರೆ ಅಮ್ಮ. ಅದೂ ಅಲ್ದೆ, ಚರಂಡಿ ಕಟ್ಕೊಂಡ್ರೆ ವಾಸನೆ ಬರತ್ತೆ, ಯಾರಾದ್ರೂ ಹೇಳೇ ಹೇಳ್ತಾರೆ. ಕೋಲು ಖಾಲಿ ಇದ್ರೆ ವಾಸನೆ ಬರಲ್ಲ."

"ಓಟು ಬಂದ್ಮೇಲೆ ಕೇಳುವಿಯಂತೆ ಬಿಡು."

"ಓಟಿಗೆ ಇನ್ನೂ ಐದು ವರ್ಷ ಇದೆ. ಅಲ್ಲೀ ತನಕ ನಾನೇನು ಬಾಡಿಗೆದಾರಳಾ?" ಎಂದಳು. ಆಮೇಲೆ ಅತ್ತೆಯ ತೊಡೆಗೆ ತಲೆ ಕೊಟ್ಟು, ಏನೂ ಅಲ್ಲವೆಂಬಂತೆ ಹೇಳಿದಳು. "ಹತ್ತು ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಟೀಚರ್ ಎಲ್ಲರನ್ನೂ ಕಿಟಕಿಗೆ ಕರ್ಕೊಂಡು ಬರ್ತಾರೆ. ನಂಬರ್ ಹೇಳಿ ಪುಸ್ತಕ ತೋರಿಸಿ ಅಂತ ಕೇಳ್ಬೇಕಂತೆ. ಅಲ್ಲೂ ಸರಿಹೋಗ್ಲಿಲ್ಲ ಅಂದ್ರೆ ಸೀಲಿನ ಕಾಗದ ತಗೊಂಡು ಮೇಲಿನ ಕಚೇರಿಗೆ."

ಕೈಯಲ್ಲಿದ್ದ ತಟ್ಟೆ ಜಾರಿ ಬಿತ್ತು. ಒಡೆಯುವ ತಟ್ಟೆಯಲ್ಲ. ನೆಲದ ಮೇಲೆ ಬಹಳ ಹೊತ್ತು ಗಿರ್ರನೆ ತಿರುಗಿತು.

ಗಡಿಯಾರದ ತಾತ ನೆನಪಾಗಿದ್ದರು.

ತಾತ ನಮ್ಮ ಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಆರು ತಿಂಗಳ ಹಿಂದೆ ನನ್ನ ಕಿಟಕಿಗೆ ಬಂದು, ಇದೇ ಖಾಲಿ ಕೋಲಿನ ಬಗ್ಗೆ ಎರಡು ಸಾಲಿನ ಕಾಗದ ಕೊಟ್ಟರು. ಹಿಂದೆ ಟಕ್ ಟಕ್ ಎಂದಿತು. ನಾನು ಪೊಳ್ಳು ನಂಬರ್ ಕೊಟ್ಟೆ. ಉತ್ತರ ಬಾರದೆ, ತಾತ ಸೀಲಿನ ನಕಲು ಹಿಡಿದು ಮೇಲಿನ ಕಚೇರಿಗೆ ಹೋದರು. ಅಲ್ಲಿಯವರು ನಮ್ಮ ಪುಸ್ತಕ ತರಿಸಿ ನೋಡಿದರು. ಆ ನಂಬರಿನಲ್ಲಿ ಯಾರದೋ ಮದುವೆ ನೋಂದಣಿಯ ಅರ್ಜಿ ಇತ್ತು. ಹಾಗಾದರೆ ತಾತನ ಕೈಲಿದ್ದ ಸೀಲು? ಕಳ್ಳ ಸೀಲು. ಗಡಿಯಾರದ ಹಲ್ಲು ಕೆತ್ತುವವನಿಗೆ ಸೀಲು ಕೆತ್ತುವುದು ಯಾವ ಮಹಾ ಕಷ್ಟ ಎಂದರಂತೆ. ಹಾಡಹಗಲೇ ಇಬ್ಬರು ಬಂದು, ಅಂಗಡಿಯ ಚಿಮುಟ, ಭೂತಗನ್ನಡಿಗಳನ್ನೆಲ್ಲ ಚೀಲಕ್ಕೆ ತುಂಬಿ, ತಾತನನ್ನೂ ಕರೆದೊಯ್ದರು. ಹತ್ತೊಂಬತ್ತು ದಿನದ ಮೇಲೆ ಬಿಟ್ಟರು. ಈಗ ತಾತನ ಕೈ ನಡುಗುತ್ತದೆ. ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುತ್ತಾರೆ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದೂ ಗೊತ್ತಿತ್ತು. ತಾತ ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ, ಅಷ್ಟೆ. ಈಗ ಅದೇ ಸೀಲು, ಅದೇ ಸುಳ್ಳು ನಂಬರ್ ಮಗಳ ಕೈಗೆ ಕೊಟ್ಟಿದ್ದೆ. ಗಡಿಯಾರದವನಿಗೆ ಸೀಲು ಕೆತ್ತಲು ಬರುತ್ತದೆ ಎಂದವರು, ಟಪಾಲು ಗುಮಾಸ್ತೆಯ ಮಗಳಿಗೆ ಸೀಲು ಎಲ್ಲಿಂದ ಸಿಕ್ಕಿತು ಎಂದು ತಲೆ ಕೆಡಿಸಿಕೊಳ್ಳುವರೇ?

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಫೈಲು ತೆಗೆದೆ. ಬಚ್ಚಲಲ್ಲಿ ನೀರಿನ ಸದ್ದು ನಿಂತಾಗಲೆಲ್ಲ ನಾನೂ ಹುಡುಕುವುದನ್ನು ನಿಲ್ಲಿಸುತ್ತಿದ್ದೆ. ಪಠ್ಯದ ಹಾಳೆ, ಒಂದು ಒಣಗಿದ ಎಲೆ, ಗೆಳತಿ ಬರೆದ ಚಿತ್ರ. ನಕಲು ಇರಲಿಲ್ಲ.

"ಏನು ಹುಡುಕ್ತಿದೀಯ?" ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದಳು.

"ನಿನ್ನ... ಆ ಸೀಲಿನ ಕಾಗದ. ನೋಡೋಣ ಅಂತ."

"ಅದು ನನ್ನತ್ರ ಇಲ್ಲಮ್ಮ. ಕಳೆದುಹೋಗಬಾರದು ಅಂತ ನಿನ್ನೆನೇ ಟೀಚರ್ ಕೈಲಿ ಕೊಟ್ಟೆ. ಬೋರ್ಡಿಗೆ ಚುಚ್ಚಿದಾರೆ. ಎಲ್ಲರೂ ನಂಬರ್ ಬರ್ಕೊಂಡ್ರು. ಫಸ್ಟ್ ತಂದಿದ್ದು ನಾನೇ ಅಲ್ವಾ?"

ಮೂವತ್ತನಾಲ್ಕು ಮಕ್ಕಳ ಪುಸ್ತಕದಲ್ಲಿ 614.

"ಕೇಳಿಲ್ಲಿ," ಎಂದೆ. "ಇದನ್ನ ಬಿಟ್ಬಿಡು. ಟೀಚರಿಗೆ ಹೇಳು, ಉತ್ತರ ಬಂತು, ಸರಿಯಾಗಿದೆ ಅಂತ."

"ಬಂದಿಲ್ವಲ್ಲ?"

"ಬಂತು ಅಂತ ಹೇಳು ಅಂದೆ."

ಅವಳು ನನ್ನನ್ನೇ ನೋಡಿದಳು. ಜಗಳಕ್ಕೆ ನಿಲ್ಲುವಾಗಿನ ನೋಟವಲ್ಲ. ಜ್ವರ ಬಂದವರ ಹಣೆ ಮುಟ್ಟುವಾಗಿನ ನೋಟ. "ಅಮ್ಮ, ನಿಂಗೆ ಭಯ ಆಗ್ತಿದೆಯಾ?"

"ಹೂಂ."

"ಯಾರ್ದು?"

ಬಾಯಿ ತೆರೆದೆ. ಒಬ್ಬರ ಹೆಸರೂ ಬರಲಿಲ್ಲ. ಸಾಹೇಬರದೇ? ಅವರೂ ಯಾರಿಗೋ ಹೆದರಿ ಡಬ್ಬಿ ತಟ್ಟುವವರು. ತಾತನನ್ನು ಕರೆದೊಯ್ದ ಇಬ್ಬರದೇ? ಅವರ ಮುಖವನ್ನೇ ನಾನು ಕಂಡಿಲ್ಲ.

"ಗೊತ್ತಿಲ್ಲ ಕಣೇ," ಎಂದೆ.

"ಹಂಗಾದ್ರೆ ಅದನ್ನೂ ಕೇಳೋಣ," ಎಂದಳು, ತಲೆ ಒರೆಸಿಕೊಳ್ಳುತ್ತಾ.

ಎಂಟು ದಿನ ಕಳೆದವು. ಹೇಗೆ ಕಳೆದವೆಂದರೆ, ಕಚೇರಿಯ ಬಾಗಿಲಲ್ಲಿ ಯಾವ ಜೀಪು ನಿಂತರೂ ಪೆನ್ನು ಕೆಳಗಿಟ್ಟು ಯಾರು ಇಳಿಯುತ್ತಾರೆಂದು ನೋಡುತ್ತಿದ್ದೆ. ಮನೆಯ ಕರೆಗಂಟೆಯ ತಂತಿಯನ್ನು ನಾನೇ ಕಿತ್ತಿಟ್ಟೆ. ಹಾಲಿನವನು ಬಾಗಿಲು ಬಡಿದರೂ ಅತ್ತೆಯನ್ನು ಮುಂದೆ ಕಳಿಸುತ್ತಿದ್ದೆ. "ನಾನೇನು ನಿಮ್ಮನೆ ಕೋಟೆ ಬಾಗಿಲಾ?" ಎಂದು ಅವರು ಗೊಣಗುತ್ತಿದ್ದರು. ಓದುವ ಕೋಣೆಯ ಮುಂದೆ ಹಾದು ಹೋಗುವಾಗ ಒಳಗೆ ಇಣುಕಿದೆ. ಐದನೆಯ ಕೋಲಿಗೆ ಯಾರೋ ತಮ್ಮ ಒದ್ದೆ ಟೋಪಿ ಸಿಕ್ಕಿಸಿದ್ದರು.

ಒಂಬತ್ತನೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದಮೇಲೆ, ಸಾಹೇಬರು ನನ್ನ ಮೇಜಿನ ಬಳಿ ಬಂದರು. ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಾ ಮೆಲ್ಲಗೆ ಹೇಳಿದರು.

"ಆ ಚೌಕುಳಿ ಹಾಳೆ ಹುಡುಗಿ ನಿಮ್ಮ ಮಗಳೇ ಅಲ್ವಾ ಅಮ್ಮಾ?"

ನಾನು ಶಾಯಿ ಪ್ಯಾಡಿನ ಮುಚ್ಚಳ ಹಾಕಿದೆ.

"ಜಡೆ ನೋಡಿದ್ರೇ ಗೊತ್ತಾಗತ್ತೆ, ನಿಮ್ದೇ ಹೆಣಿಗೆ. ನಿಮಗೆ ತೊಂದ್ರೆ ಆಗ್ಬಾರ್ದು ಅಂತಲೇ ನಾನು ತಟ್ಟಿದ್ದು. ನಂಗೂ ಇಬ್ರು ಹೆಣ್ಣುಮಕ್ಕಳಿದಾರೆ. ಆ ನಕಲನ್ನ ಒಲೆಗೆ ಹಾಕ್ಬಿಡಿ, ಅಲ್ಲಿಗೆ ಮುಗೀತು."

"ಅದು ಶಾಲೆ ಬೋರ್ಡಿನ ಮೇಲಿದೆ ಸಾರ್. ನಾಳೆ ಇಡೀ ತರಗತಿ ಬರತ್ತೆ."

ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಕಿಸೆಯಿಂದ ಮಾತ್ರೆ ತೆಗೆದು ನೀರಿಲ್ಲದೆ ನುಂಗಿದರು. "ಮೇಲಿನವರು ಪುಸ್ತಕ ತರ್ಸಿದ್ರೆ..." ಎಂದು ಶುರು ಮಾಡಿ, ಕಿಟಕಿಯ ಕಡೆ ನೋಡಿ, ಆಮೇಲೆ ನನಗೆ ಕೈ ಮುಗಿಯುವವರಂತೆ ಬಾಗಿ ಹೇಳಿದರು. "ನಿಮ್ಮ ಮಗಳೇ ನಿಮ್ಮ ಸೀಲು ತಗೊಂಡು ಆಟಕ್ಕೆ ಒತ್ಕೊಂಡಿದ್ಲು ಅಂತ ಒಂದು ಚೀಟಿ ಬರ್ಕೊಡಿ. ಸಣ್ಣ ಹುಡುಗಿ, ಬೈದು ಬಿಡ್ತಾರೆ. ಇಲ್ದಿದ್ರೆ ನಿಮ್ಮ ಕೆಲ್ಸ, ನನ್ನ ಕೆಲ್ಸ ಎರಡೂ ಹೋಗತ್ತೆ."

ಬೈದು ಬಿಡ್ತಾರೆ. ಗಡಿಯಾರದ ತಾತನ ಸೊಸೆಗೂ ಇದೇ ಮಾತು ಹೇಳಿದ್ದರು. ನಾಲ್ಕು ಮಾತು ಕೇಳಿ ಬಿಡ್ತಾರೆ ಎಂದು.

"ಆಯ್ತು ಸಾರ್, ಬರೀತೀನಿ," ಎಂದೆ. ಅವರು ಊಟಕ್ಕೆ ಹೋದರು.

ಇನ್‌ವರ್ಡ್ ಪುಸ್ತಕದ ಮೊದಲ ಪುಟದಲ್ಲಿ ನಿಯಮಗಳು ಅಚ್ಚಾಗಿರುತ್ತವೆ. ಯಾರೂ ಓದುವುದಿಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಓದಿದ್ದೆ. ಬಿಟ್ಟುಹೋದ ಕಾಗದವನ್ನು, ಬಿಟ್ಟದ್ದು ಗೊತ್ತಾದ ದಿನವೇ, ಕೆಂಪು ಶಾಯಿಯಲ್ಲಿ ಬರೆಯಬೇಕು. ಯಾರು ಬಿಟ್ಟರು, ಯಾಕೆ ಬಿಟ್ಟರು ಎಂದು ಬರೆದು ಪೂರ್ತಿ ಸಹಿ ಹಾಕಬೇಕು. ಒಮ್ಮೆ ಬರೆದರೆ ಅಳಿಸುವಂತಿಲ್ಲ. ಶನಿವಾರ ಪುಸ್ತಕ ಮೇಲಿನ ಕಚೇರಿಗೆ ಹೋಗುತ್ತದೆ.

ಕೆಂಪು ಪೆನ್ನಿನ ಶಾಯಿ ಒಣಗಿತ್ತು. ರದ್ದಿ ಹಾಳೆಯ ಮೇಲೆ ಗೀಚಿ ಗೀಚಿ ಬರಿಸಿದೆ. ಮೇಜಿನ ಕೆಳಗಿನ ಡ್ರಾಯರು ಎಳೆದೆ. ಮಗಳ ಕಾಗದ ಮೇಲೆಯೇ ಇತ್ತು. ತೆಗೆದೆ. ಅದರ ಕೆಳಗೆ ಮತ್ತೊಂದು, ಅದರ ಕೆಳಗೆ ಮತ್ತೊಂದು. ಸ್ವಲ್ಪ ಕೆದಕಿದರೆ ಗಡಿಯಾರದ ತಾತನ ಎರಡು ಸಾಲು, ಇರುವೆ ಸಾಲಿನಂಥ ಪುಟ್ಟ ಅಕ್ಷರ. ಡ್ರಾಯರು ಮುಚ್ಚಲು ಕೈ ಬರಲಿಲ್ಲ, ಪೂರ್ತಿ ತೆಗೆಯಲೂ ಧೈರ್ಯ ಬರಲಿಲ್ಲ. ಎರಡು ಕಾಗದ ತೆಗೆದುಕೊಂಡೆ.

ಬರೆದೆ. '614 ಎಂಬ ಸಂಖ್ಯೆಯನ್ನು ಈ ಕಾಗದದ ನಕಲಿನ ಮೇಲೆ ನಾನೇ ತಪ್ಪಾಗಿ ಬರೆದಿದ್ದೇನೆ. ಸೀಲು ಕಚೇರಿಯದೇ, ಒತ್ತಿದ ಕೈ ನನ್ನದೇ. ಇದರ ನಿಜವಾದ ಸಂಖ್ಯೆ 702.' ಅದರ ಕೆಳಗೆ ತಾತನದು, ಅದೇ ರೀತಿ, 703. ಕಾರಣದ ಅಂಕಣದಲ್ಲಿ ಏನು ಬರೆಯುವುದೆಂದು ಪೆನ್ನು ನಿಂತಿತು. ನಿಜವಾದ ಕಾರಣ ಬರೆಯುವ ರೂಢಿ ನಮ್ಮ ಕಚೇರಿಯಲ್ಲಿಲ್ಲ. 'ಗುಮಾಸ್ತೆಯ ತಪ್ಪು' ಎಂದು ಬರೆದು ಸಹಿ ಹಾಕಿದೆ. ಎರಡನೆಯ ಸಹಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ, ಅಷ್ಟು ಸೊಟ್ಟ.

ಊಟ ಮುಗಿಸಿ ಬಂದ ಸಾಹೇಬರು ಚೀಟಿಗೆ ಕೈ ಚಾಚಿದರು. ನಾನು ಪುಸ್ತಕ ತಿರುಗಿಸಿ ತೋರಿಸಿದೆ. ಅವರು ಎರಡು ಸಲ ಓದಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಏನಮ್ಮ ಮಾಡ್ಕೊಂಡ್ರಿ," ಎಂದರು, ಅಷ್ಟೆ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ರಜೆ ಅರ್ಜಿ ಬರೆದು, ಅದನ್ನು ನನ್ನ ಮೇಜಿನ ಮೇಲಿಟ್ಟರು. "ಇದಕ್ಕೆ ನಂಬರ್ ಹಾಕಿ. ನಿಜವಾದ್ದು."

ಆ ಸಂಜೆ ಮನೆಯಲ್ಲಿ ಹೇಳಬೇಕೆಂದುಕೊಂಡೆ. ಮಗಳ ಎದುರು ಮೂರು ಸಲ ಕೂತೆ, ಮೂರು ಸಲ ಎದ್ದೆ. ಪುಸ್ತಕ ತೋರಿಸುವುದು ಸುಲಭ, ನಿನಗೆ ನಾನೇ ಮೋಸ ಮಾಡಿದೆ ಎನ್ನುವುದು ಸುಲಭವಲ್ಲ.

ಹತ್ತನೆಯ ದಿನ ಹನ್ನೊಂದು ಗಂಟೆಗೆ ಬಂದರು. ಮೂವತ್ತನಾಲ್ಕು ಮಕ್ಕಳು, ಪೌರನೀತಿಯ ಟೀಚರ್, ಮುಂದೆ ನನ್ನ ಪ್ರಶ್ನೆಪತ್ರಿಕೆ. ಹಜಾರದ ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು. ನನ್ನ ಬೆನ್ನ ಹಿಂದಿನ ಕುರ್ಚಿ ಖಾಲಿ. ಆದರೂ ಕಿವಿ ಆ ಎರಡು ತಟ್ಟುಗಳಿಗೆ ಕಾಯುತ್ತಿತ್ತು.

"ನಮಸ್ಕಾರ ಮೇಡಂ. ನಂಬರ್ 614. ಪುಸ್ತಕ ತೋರಿಸ್ತೀರಾ?"

ಕಿಂಡಿಯಲ್ಲಿ ಪುಸ್ತಕ ಹಿಡಿಸುವುದಿಲ್ಲ. ಪಕ್ಕದ ಬಾಗಿಲು ತೆರೆದು, ಹೊರಗೆ ಹೋಗಿ, ಹಜಾರದ ಬೆಂಚಿನ ಮೇಲೆ ಪುಸ್ತಕ ಬಿಚ್ಚಿಟ್ಟೆ. ಮಗಳು ಬೆರಳಿಟ್ಟು ಹುಡುಕಿದಳು. 614, ಬಸ್ ನಿಲ್ದಾಣದ ನಲ್ಲಿ. ಅವಳ ಬೆರಳು ಅಲ್ಲೇ ನಿಂತಿತು. ಹಿಂದೆ ಯಾರೋ ಹುಡುಗಿ, "ಅಯ್ಯೋ, ಸುಳ್ಳು ನಂಬರ್ರೇ," ಎಂದಳು. ಮಗಳ ಕಿವಿ ಕೆಂಪಾಯಿತು.

"ಮುಂದೆ ನೋಡು. ಕೆಂಪಿಂದು," ಎಂದೆ.

ಓದಿದಳು. ಗಟ್ಟಿಯಾಗಿ ಶುರು ಮಾಡಿದವಳು 'ಒತ್ತಿದ ಕೈ ನನ್ನದೇ' ಎಂಬಲ್ಲಿಗೆ ಬರುವಾಗ ದನಿ ತಗ್ಗಿಸಿದಳು. ಸಹಿ ನೋಡಿದಳು. ಮೇಡಂ ಎನ್ನುವುದು ಮರೆತುಹೋಯಿತು.

"ಅಮ್ಮ. ಇದು ನೀನಾ?"

"ನಾನೇ."

"ಗೊತ್ತಿದ್ದೂ ಕೊಟ್ಟೆಯಾ?"

"ಗೊತ್ತಿದ್ದೂ."

ಅವಳು ಅಳುತ್ತಾಳೆಂದುಕೊಂಡೆ. ಟೀಚರ್ ಅವಳ ಹೆಗಲಿಗೆ ಕೈ ಹಾಕಲು ಬಂದರು, ಅವಳು ಸರಿದಳು. ಕೆಳಗಿನ ಸಾಲಿಗೆ ಬೆರಳು ಜಾರಿಸಿ ತಾತನ ಹೆಸರು ಓದಿದಳು. ಎರಡನೆಯ ಸಲ ಓದಿದಳು. ನಮ್ಮ ಬೀದಿಯ ತಾತ, ಕಳ್ಳ ಸೀಲಿನ ತಾತ. ಅವಳ ಮುಖದಲ್ಲಿ ಒಂದೊಂದೇ ತಿಳಿಯುತ್ತಾ ಹೋದದ್ದು ನನಗೆ ಕಂಡಿತು. ಜನ್ಮದಲ್ಲಿ ಅಷ್ಟು ಹೆದರಿಕೆ ನನಗೆ ಯಾವ ಜೀಪಿನಿಂದಲೂ ಆಗಿರಲಿಲ್ಲ.

ಒಳಗೆ ಸಾಹೇಬರ ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಆ ಫೋನಿಗೆ ಮೇಲಿನ ಕಚೇರಿಯಿಂದ ಬಿಟ್ಟು ಬೇರೆಲ್ಲಿಂದಲೂ ಕರೆ ಬರುವುದಿಲ್ಲ. ಮಕ್ಕಳೆಲ್ಲ ಅತ್ತ ನೋಡಿದರು. ನಾನು ಪುಸ್ತಕದ ಪುಟ ಒತ್ತಿ ಹಿಡಿದುಕೊಂಡೆ.

ಮಗಳು ಚೀಲದಿಂದ ನೋಟುಪುಸ್ತಕ ತೆಗೆದು, ಎರಡೂ ಕೆಂಪು ಸಾಲುಗಳನ್ನು ಅಕ್ಷರ ಬಿಡದೆ ಬರೆದುಕೊಂಡಳು. ಅವಳು ಬರೆದು ಮುಗಿಸುವವರೆಗೂ ಫೋನು ಬಡಿದು, ನಿಂತು, ಮತ್ತೆ ಶುರುವಾಯಿತು. ನೋಟುಪುಸ್ತಕವನ್ನು ನನ್ನ ಮುಂದೆ ಹಿಡಿದಳು.

"ಇದಕ್ಕೆ ಸೀಲು," ಎಂದಳು. ದನಿ ಒಡೆದಿತ್ತು. ನನ್ನ ಕಣ್ಣು ನೋಡಲಿಲ್ಲ.

ಒಳಗೆ ಹೋಗಿ ಸೀಲು ತಂದೆ. ಮೊದಲ ಸಲ ಅರ್ಧ ಮಾತ್ರ ಬಿತ್ತು. ಅವಳು ಎಡಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದಳು. ಎರಡನೆಯ ಸಲ ಪೂರ್ತಿ ಬಿತ್ತು.

ಅವಳು ಅದನ್ನು ಊದಿ ಆರಿಸಲಿಲ್ಲ. ಪುಸ್ತಕದ ಕೆಂಪು ಸಾಲುಗಳ ಕೆಳಗಿನ ಖಾಲಿ ಜಾಗವನ್ನು ನೋಡುತ್ತಾ ಕೇಳಿದಳು.

"ಎರಡೇನಾ?"

ಫೋನು ಬಡಿದುಕೊಳ್ಳುತ್ತಲೇ ಇತ್ತು. ನಾನು ಒಳಗೆ ಹೋದೆ, ಅದನ್ನು ದಾಟಿ ನನ್ನ ಮೇಜಿಗೆ ಬಂದೆ, ಬಗ್ಗಿ ಕೆಳಗಿನ ಡ್ರಾಯರನ್ನು ಪೂರ್ತಿ ಎಳೆದೆ.